ಬಾಜೂಮನಿ ಕೂಸು

"ಈ ಕೂಸು ಯಾರದ್ರೀ?"

ಅವ್ವನ ಜೊತೆ ಹೆಣ್ಣು ನೋಡಲು ಬಂದ ಲಾಲಪ್ಪ ಕೇಳಿದ ಮೊದಲ ಮಾತೇ ಅದು! ಚಹಾದ ತಟ್ಟೆ ಹಿಡಿದು ನಿಂತಿದ್ದ ಗದ್ದೆಮ್ಮ ಅಪ್ಪನತ್ತ ನೋಡಿದಳು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ, ಕಂಪನಿ ಮನೆ, ಮೇಲಾಗಿ ಆ ನಗು… ಮಸ್ಕಿಯ ಆ ಸಣ್ಣ ಮನೆಗೆ ಇಂಥ ಸಂಬಂಧ ಮತ್ತೆ ಬರುವಂಥದ್ದಲ್ಲ.

ಹೊಸ್ತಿಲಲ್ಲಿ ಅವಳ ಪುಟ್ಟ ತಂಗಿ ಪಕೀರಮ್ಮ. ಬಂದವರ ಕಣ್ಣಿಗೆ ಬೀಳದಿರಲೆಂದು ಪಕ್ಕದ ಮೆಹಬೂಬ್‌ಬೀ ಮನೆಯಲ್ಲಿ ಬಿಟ್ಟಿದ್ದರೆ, ಅಕ್ಕನನ್ನು ಹುಡುಕಿಕೊಂಡು ಓಡಿ ಬಂದಿದ್ದಳು.

"ಬಾಜೂಮನಿ ಕೂಸು ಬಿಡ್ರಿ" ಎಂದುಬಿಟ್ಟ ಅಪ್ಪ ಅಂಬಪ್ಪ.

"ಅಕ್ಕಾ…" ಕೂಸು ಕೈ ಚಾಚಿತು.

ಗದ್ದೆಮ್ಮ ಮುಖ ತಿರುಗಿಸಿದಳು.

ಪಕೀರಮ್ಮನ ಸೊಂಟದ ಮೇಲೆ ಹುಟ್ಟಿನಿಂದಲೇ ಒಂದು ಮೆತ್ತನೆಯ ಗಂಟು, ಅದರ ಮೇಲೊಂದು ಜೊಂಪೆ ಕೂದಲು. ಸಿಂಧನೂರಿನ ಡಾಕ್ಟರು ಬಿಡಿಸಿ ಹೇಳಿದ್ದರು.

"ಒಳಗ ಬೆನ್ನುಹುರಿ ಈ ಗಂಟಿಗೆ ಅಂಟಿಕೊಂಡೈತಿ. ಕೂಸು ಬೆಳೆದಂಗ ಹುರಿ ಜಗ್ಗತೈತಿ, ಕಾಲಿನ ಶಕ್ತಿ ಹೊಕ್ಕೈತಿ, ಉಚ್ಚಿ ಹಿಡಿತ ತಪ್ಪತೈತಿ. ಹೈದರಾಬಾದಿಗೆ ಒಯ್ದು ಆಪರೇಷನ್ ಮಾಡಿಸಿ ಬಿಡಿಸ್ರಿ. ಕಾಲು ಗಟ್ಟಿ ಇದ್ದಾಗ್ಲೇ ಮಾಡಿಸ್ಬೇಕು!"

ಆದರೆ ಆಪರೇಷನ್ ಎಂದರೆ ಊರಿಗೆಲ್ಲ ಸುದ್ದಿ. ಅಂಥ ಕೂಸು ಹುಟ್ಟಿದ ಮನೆತನದ ಹೆಣ್ಣನ್ನು ಯಾರು ಒಯ್ದಾರು?

"ಮೊದಲ ನಿನ್ನ ಮದುವಿ ಆಗ್ಲಿ" ಎಂದ ಅಪ್ಪ. ಲಾಲಪ್ಪನ ನಗುವಿಗೆ ಆಗಲೇ ಸೋತಿದ್ದ ಮಗಳು ಹೂಂ ಎಂದಳು.

ಮದುವೆಯಾಯಿತು. ಆಮೇಲೆ "ನೀ ಒಂದು ಹಡಿ, ಆಮ್ಯಾಲ ನೋಡೋಣು" ಎಂದ ಅಪ್ಪ. ನೆಪಕ್ಕೇನು ಬರ? ತಂಗಿ ಪಾಮನಕಲ್ಲೂರಿನ ಸೋದರತ್ತೆ ಮನೆಯಲ್ಲಿದ್ದಾಳೆ ಎಂದಷ್ಟೇ ಲಾಲಪ್ಪನಿಗೆ ಹೇಳಿದ್ದರು. ಗಂಡನ ಪ್ರೀತಿ ಹೆಚ್ಚಿದಷ್ಟೂ ಗದ್ದೆಮ್ಮನಿಗೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತಾಗುತ್ತಿತ್ತು.

ಮದುವೆಯಾದ ಮೇಲಿನ ಎರಡನೆಯ ನಾಗರ ಪಂಚಮಿಗೆ ಅವಳು ತವರಿಗೆ ಬಂದಿದ್ದಳು. ಕರೆದೊಯ್ಯಲು ಲಾಲಪ್ಪ ಹೇಳದೇ ಬಂದುಬಿಟ್ಟ!

ಅಂಗಳದಲ್ಲಿ ಪಕೀರಮ್ಮ ಒಂದು ಕಾಲು ಎಳೆಯುತ್ತಾ ನಡೆಯುತ್ತಿದ್ದಳು. ಲಂಗ ಒದ್ದೆ. ಪಾದದಲ್ಲಿ ಹುಣ್ಣು, ಅದರ ನೋವೂ ಅವಳಿಗೆ ತಿಳಿಯುತ್ತಿರಲಿಲ್ಲ.

"ಇದು… ಬಾಜೂಮನಿ ಕೂಸಲ್ಲೇನು?"

"ನನ್ನ ತಂಗಿರೀ…" ಗದ್ದೆಮ್ಮ ಅಳುತ್ತ ಎಲ್ಲವನ್ನೂ ಹೇಳಿದಳು.

"ಅಂದು ಓಡಿಕೊಂಡು ಬಂದಿತ್ತಲ್ಲ ಬೇ!"

ಅಷ್ಟೇ. ಚಪ್ಪಲಿ ಮೆಟ್ಟಿ ಹೊರಟೇ ಹೋದ.

'ಮುಗೀತು… ಇನ್ನು ನನ್ನ ಮುಖ ನೋಡಂಗಿಲ್ಲ' ಎಂದುಕೊಂಡಳು. ದಿನಗಳು ಕಳೆದರೂ ಅವನ ಸುದ್ದಿಯಿಲ್ಲ. ಕೊನೆಗೆ, ಸಂಸಾರ ಹೋದರೆ ಹೋಗಲಿ ಎಂದು ತಂಗಿಯನ್ನು ಎತ್ತಿಕೊಂಡು ಹೈದರಾಬಾದಿನ ಬಸ್ಸಿಗಾಗಿ ಲಿಂಗಸುಗೂರಿಗೆ ಬಂದಳು.

ಹಟ್ಟಿಯಿಂದ ಬಂದ ಬಸ್ಸಿನಿಂದ ಲಾಲಪ್ಪ ಇಳಿಯುತ್ತಿದ್ದ! ಕೈಯಲ್ಲಿ ಚೀಲ.

"ನಿಮ್ಮ ಮನಿಗೇ ಹೊಂಟಿದ್ದೆ. ರಜಾ ಸಿಗಾಕ ತಡ ಆತು" ಎಂದ. "ಸಿಟ್ಟೂ ಇತ್ತು. ಈಗೂ ಐತಿ. ಕೂಸಿನ್ನ ಕೊಡಿಲ್ಲಿ."

ಹೈದರಾಬಾದಿನಲ್ಲಿ ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಅಂಟಿದ್ದ ಹುರಿಯನ್ನು ಬಿಡಿಸಿದ ಡಾಕ್ಟರು ಹೇಳಿದ್ದಿಷ್ಟೇ: ಉಳಿದಿರುವ ಶಕ್ತಿ ಉಳಿಯಬಹುದು, ಹೋದದ್ದು ಬರುತ್ತದೆಂಬ ಆಸೆ ಬೇಡ.

ಆಸ್ಪತ್ರೆಯ ಪಡಸಾಲೆಯಲ್ಲಿ ಗದ್ದೆಮ್ಮ ಗಂಡನತ್ತ ತಿರುಗಿದಳು.

"ಅಂದು ಖರೇ ಹೇಳಿದ್ರ… ನನ್ನ ಮಾಡ್ಕೊಂತಿದ್ರೇನ್ರೀ?"

ಲಾಲಪ್ಪ ತಲೆ ತಗ್ಗಿಸಿದ.

"ಸುಳ್ಳು ಹೇಳಂಗಿಲ್ಲ ಗದ್ದೆವ್ವ. ನಮ್ಮವ್ವ ಎದ್ದು ಹೋಗ್ತಿದ್ಲು. ಆಕಿ ಹಿಂದ ನಾನೂ ಹೋಗ್ತಿದ್ದೆ."

ಗದ್ದೆಮ್ಮ ತಂಗಿ ಮಲಗಿದ್ದ ಕೋಣೆಯತ್ತ ನೋಡಿದಳು.

"ಹಂಗಾದ್ರ ಆಕಿ ಕಾಲು ಕೊಟ್ಟು ನಿಮ್ಮನ್ನ ತಗೊಂಡೀನಿ…"

"ಇಬ್ರೂ ತಗೊಂಡೀವಿ." ಅವನು ಅವಳ ಕೈ ಹಿಡಿದ. "ಇನ್ನ ಆಕಿ ನಮ್ಮ ಮನ್ಯಾಗ ಇರ್ತಾಳ."

"ನಿಮ್ಮವ್ವ ಎದ್ದು ಹೋದ್ರ?"

"ಹೋಗ್ಲಿ. ಈ ಸಲ ನಾ ಹಿಂದ ಹೋಗಂಗಿಲ್ಲ."