ಸರ್ವೋತ್ತಮಣ್ಣನಿಗೆ ಕೊಟ್ಟ ಪುಸ್ತಕ

ದೇವರ ಮೇಲೆ ಭಾರ ಹಾಕಿ, ಕಂಡದ್ದನ್ನಷ್ಟೇ ಬರೆಯುತ್ತೇನೆ. ನಮ್ಮದು ಪುಸ್ತಕ ಓದುವವರ ವಾಟ್ಸಾಪ್ ಗುಂಪು. ಆಲೆಟ್ಟಿಯ ಸರ್ವೋತ್ತಮಣ್ಣ "ಇದು ಓದಿ ಮಾರಾಯ್ರೆ" ಎಂದರೆ ಕಬಕದಲ್ಲಿ ಕೂತ ನಾನು ಅಂದೇ ತರಿಸುತ್ತಿದ್ದೆ. ನಾನು ಹೇಳಿದ ಒಂದು ಕಾದಂಬರಿಗೆ ಕಾಯುತ್ತಲೇ ಅವರು ತೀರಿಕೊಂಡರು.

ಮಳೆಗಾಲದ ಆಟಿ ತಿಂಗಳಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವುದು ನಮ್ಮ ಕಡೆಯ ಕ್ರಮ. ಸರ್ವೋತ್ತಮಣ್ಣನಿಗೆ ಬಡಿಸುವ ದಿನ ಆ ಪುಸ್ತಕ ಹಿಡಿದು ಮೊದಲ ಬಾರಿ ಅವರ ಮನೆಗೆ ಹೋದೆ. ಹೆಂಡತಿ ಸೀತಕ್ಕ ಅದರ ಪ್ಲಾಸ್ಟಿಕ್ ಬಿಚ್ಚಲು ಬಿಡಲಿಲ್ಲ.

"ನಾವು ಮೊದಲು ಓದಿದ್ರೆ ಎಂಜಲಾಗ್ತದೆ. ಇದು ಅವರಿಗೆ ಸೇರ್ಬೇಕು. ಅದೇ ಆಸೆಯಲ್ಲಿ ಹೋದದ್ದು."

ಬಡಿಸಿದ ಬಾಳೆಲೆಯ ಪಕ್ಕ ಪುಸ್ತಕವಿಟ್ಟು, ಅವರು ಬಂದು ಉಣ್ಣಲೆಂದು ಕ್ರಮದಂತೆ ಕೋಣೆಯ ಬಾಗಿಲು ಮುಚ್ಚಿದರು.

"ಊಟ ಬಿಟ್ಟು ಓದಿಯಾರು," ಎಂದೆ.

"ಇದ್ದಾಗ ಎಂತ ಮಾಡಿದ್ದು ಮತ್ತೆ?"

ಒಳಗೆ ಹಾಳೆ ಮಗುಚುವ ಸದ್ದು ಕೇಳಿತು. ಬಾಗಿಲಿನ ಅಡಿಯಿಂದ ಬಂದ ಗಾಳಿ ಪಾದಕ್ಕೆ ಬಾವಿನೀರಿನಷ್ಟು ತಣ್ಣಗಿತ್ತು. ಸದ್ದು ಬರಬರುತ್ತ ಬೇಗವಾಯಿತು, ಕಥೆಯ ರುಚಿ ಹತ್ತಿದವರು ಓದುವ ಹಾಗೆ. ನನ್ನ ಎದೆ ಸಂತೋಷಕ್ಕೇ ಹೊಡೆದುಕೊಳ್ಳುತ್ತಿತ್ತು.

ಬಾಗಿಲು ತೆಗೆದಾಗ ಅನ್ನ ಹಾಗೆಯೇ ಇತ್ತು. ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಅದರೊಳಗೆ ಪುಸ್ತಕದ ಅಂಚು ಅರ್ಧದವರೆಗೆ ಬೆರಳು ತಾಗಿ ಮಾಸಿತ್ತು. ಮಿಕ್ಕ ಅರ್ಧ ಹೊಸದರ ಹಾಗೆ ಬೆಳ್ಳಗಿತ್ತು.

ನಾನು ಕೈ ಚಾಚಿದೆ. ಸೀತಕ್ಕ ತಡೆದರು.

"ಅಲ್ಲೇ ಇರಲಿ. ಅವರಿಗೆ ಇನ್ನೂ ಅರ್ಧ ಓದ್ಲಿಕ್ಕುಂಟಲ್ಲ."