ಹಾಲವ್ವನ ಬಳ್ಳಿ

“ನಮ್ಮ ಮನೀ ಹೆಸರು ಬೇಕಾದ್ರ ಬರ್ಕೊ ತಮ್ಮಾ. ಆದ್ರ ಅದರ ಗೆರಿ ಮತ್ತೊಬ್ಬರ ಮನೀಗೆ ಜೋಡಸಬ್ಯಾಡ,” ಎಂದಳು ಮುದುಕಿ ಹಾಲವ್ವ.

ಮುಂಬಯಿಯ ಘಾಟ್ಕೋಪರಿನ ಆ ಚಾಳಿನ ಖೋಲಿಗೆ ಕಿಟಕಿ ಇರಲಿಲ್ಲ. ಮಧ್ಯಾಹ್ನ ಎರಡಕ್ಕೂ ಕತ್ತಲೆ. ಸೀಮೆಎಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಬಿಸಿಲಿಗೆ ಸುಟ್ಟು ಒಣಗಿದ ಕುಂಬಳದ ಬಳ್ಳಿಯದು. ದಾನಪ್ಪ ಮೂಗು ಒರೆಸಿಕೊಂಡು ಬರೆಯುತ್ತಲೇ ಇದ್ದ.

ಸಯನ್ನಿನಲ್ಲಿ ಮನೆ ಮಾಡಿದ್ದ ಈ ಡ್ರಾಫ್ಟ್ಸ್‌ಮನ್ ಮಹಾಶಯ, ವಿಜಾಪುರ ಸೀಮೆಯ ಮನೆತನಗಳ ವಂಶಾವಳಿ ಬರೆಯುವ ಬಳಗಕ್ಕೆ ಸೇರಿದ್ದು 1988ರಲ್ಲಿ. ಸಂಬಳವಿಲ್ಲದ ಸೇವೆ. ಹತ್ತು ಊರುಗಳಲ್ಲಿ ಹತ್ತು ಜನ. ಒಬ್ಬ ಬರೆದ ಹಾಳೆ ಟಪಾಲಿನಲ್ಲಿ ಉಳಿದವರಿಗೆ ಹೋಗಬೇಕು, ಅವರು ಗೊತ್ತಿದ್ದನ್ನು ಸೇರಿಸಬೇಕು, ತಪ್ಪಿದ್ದರೆ ತಿದ್ದಬೇಕು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ದಾನಪ್ಪ ಸೇರಿದ ಮೂರೇ ತಿಂಗಳಿಗೆ ಎಲ್ಲರಿಗೂ ಸೂಚನೆ ಬರೆದ: ‘ಯಾವ ಜಾಗವನ್ನೂ ಖಾಲಿ ಬಿಡಬೇಡಿ. ಹುಡುಕಿ ತುಂಬಿ.’

“ನಮ್ಮ ಅಜ್ಜಗ ಆಗದವ್ರು ಮಾಟ ಮಾಡ್ಸಿ ಹೊಸ್ತಿಲದಾಗ ಒಣಾ ಬಳ್ಳಿ ಹುಗದ್ರು,” ಹಾಲವ್ವ ಪಿಸುಗುಟ್ಟಿದಳು. “ಮುಂದ ಹುಟ್ಟಿದ ಕೂಸುಗೋಳು ಏಳು ತುಂಬೂದ್ರಾಗ ಒಣಗಿ ಹೋಗ್ತಿದ್ವು. ನಾ ಹೆಂಗೊ ಉಳದೆ. ಅದು ನನ್ನ ಸಂಗಾಟನ ಸಾಯ್ಲಿ ಅಂತ ಲಗ್ನಾನೂ ಆಗ್ಲಿಲ್ಲ.”

“ಮುಂಬಯಿದಾಗ ಮನಷ್ಯಾಗ ಜಾಗಾ ಇಲ್ಲ, ಬಳ್ಳಿ ಎಲ್ಲಿ ಹಬ್ಬತೈತಿ ಆಯೀ?” ದಾನಪ್ಪ ನಕ್ಕ. ಮುದುಕಿ ನಗಲಿಲ್ಲ.

ಹಾಲವ್ವನ ಸೋದರತ್ತೆ ನಿಂಗವ್ವನನ್ನು ಯಾವ ಊರಿಗೆ ಕೊಟ್ಟರೋ ಯಾರಿಗೂ ಗೊತ್ತಿರಲಿಲ್ಲ. ದಾನಪ್ಪನ ಅಜ್ಜಿಯ ಹೆಸರೂ ನಿಂಗವ್ವ. ಅವಳ ತವರು ಯಾವುದೋ ಅದೂ ಗೊತ್ತಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನ ವಂಶಾವಳಿಯಲ್ಲೇ ಖಾಲಿ ಜಾಗ! ಒಂದು ಪುರಾವೆಯೂ ಇಲ್ಲದೆ ಇಬ್ಬರೂ ಒಬ್ಬಳೇ ಎಂದು ತೀರ್ಮಾನಿಸಿ, ಕಪ್ಪು ಶಾಯಿಯಲ್ಲಿ ಗೆರೆ ಎಳೆದ. ಹಾಲವ್ವನ ಮನೆಯಿಂದ ಹೊರಟ ಗೆರೆ ಅಜ್ಜಿ, ಅಪ್ಪ, ತಾನು ಎಂದು ಇಳಿದು ಅವನ ಒಬ್ಬಳೇ ಮಗಳು, ಆರು ವರ್ಷದ ನೀಲಾಳ ಹೆಸರಿಗೆ ಬಂದು ಮುಟ್ಟಿತು. ಅಂದೇ ಒಂಬತ್ತು ಪ್ರತಿ ಟಪಾಲಿಗೆ ಹಾಕಿದ.

ಮೂರನೆಯ ದಿನ ನೀಲಾ ನೀರು ಕೇಳಿದಳು. ತಂಬಿಗೆ ಖಾಲಿ ಮಾಡಿ ಮತ್ತೆ ಕೇಳಿದಳು. ಕೊಡ ಬರಿದಾದರೂ ತುಟಿ ಒಣಗಿಯೇ ಇತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದರು. ವಾರದೊಳಗೆ ಮಗುವಿನ ಕೆನ್ನೆ ಮುದುಕಿಯ ಕೆನ್ನೆಯಾಯಿತು. ಉಸಿರೆಳೆದರೆ ಎದೆಯೊಳಗೆ ಒಣ ಎಲೆ. ಸರಸರ. ಲೋಕಲ್ ಗಾಡಿಯ ಸದ್ದಿನಲ್ಲೂ ಅದು ಕೇಳುತ್ತಿತ್ತು. ಮನೆತುಂಬ ಆ ಕುಂಬಳದ ಬಳ್ಳಿಯ ವಾಸನೆ.

ದಾನಪ್ಪ ಹೆದರಿದ. ಬ್ಲೇಡು ಹಿಡಿದ. ಗೆರೆ ಹೆರೆದ. ಕಾಗದ ತೂತಾಯಿತು. ಮಗಳ ತುಟಿ ಒಡೆಯಿತು. ರಕ್ತ ಬರಲಿಲ್ಲ. ಬೂದಿಯಂಥ ಪುಡಿ ಉದುರಿತು. ಅವನು ಘಾಟ್ಕೋಪರಿಗೆ ಓಡಿದ.

“ಗೆರಿ ಅಳಸಿದ್ರ ಹೋಗೂದಿಲ್ಲೊ,” ಹಾಲವ್ವ ಅಳುತ್ತಿದ್ದಳು. “ಅದಕ್ಕ ದಾರಿ ಇದ್ದಿಲ್ಲ, ನೀ ಹಾಕಿ ಕೊಟ್ಟಿ. ಕೂಸಿನ್ನ ನಿನ್ನ ಬಳ್ಳಿಯಿಂದ ಕಡದು ಬ್ಯಾರೇದವ್ರ ಬಳ್ಳಿಗೆ ಹಚ್ಚು. ದತ್ತಕ ಕೊಡು. ಅಕಿ ತಿರುಗಿ ನಿನ್ನ ಹೆಸರಿಗೆ ಬರಬಾರ್ದು. ಒಮ್ಮೆ ಕಡದು ಹಚ್ಚಿದ್ದು ಎರಡನೇ ಸಲ ಹತ್ತೂದಿಲ್ಲ.”

“ಊರ ಉಸಾಬರಿಗೆ ನನ್ನ ಮಗಳನ್ನ ಕೊಟ್ರೇನ್ರೀ!” ಎಂದು ಹೆಂಡತಿ ಚಂದ್ರವ್ವ ಎದೆ ಎದೆ ಬಡಿದುಕೊಂಡಳು. ಆದರೂ ಮಲಾಡಿನ ತನ್ನ ಅಕ್ಕನ ಮಡಿಲಿಗೆ ಮಗುವನ್ನು ತಾನೇ ಹಾಕಿದಳು. ದತ್ತಕದ ನೀರು ಬಿಟ್ಟ ಗಳಿಗೆಯಲ್ಲೇ ನೀಲಾಳ ಮುಖಕ್ಕೆ ಬಣ್ಣ ಬಂತು.

ದಾನಪ್ಪ ತನ್ನ ಹೆಸರಿನ ಕೆಳಗೆ ‘ಸಂತಾನವಿಲ್ಲ’ ಎಂದು ಬರೆದು, ಹಾಲವ್ವನ ಮನೆಯ ಗೆರೆ ಬಿಟ್ಟು ಹೊಸ ಹಾಳೆ ಎಲ್ಲರಿಗೂ ಕಳಿಸಿ, ಬಳಗ ಬಿಟ್ಟ. ಭಾನುವಾರ ಮಲಾಡಿಗೆ ಹೋದರೆ ನೀಲಾ, ದೊಡ್ಡವರು ಕಲಿಸಿದಂತೆ, “ಕಾಕಾ ಬಂದ, ಚಿಗವ್ವ ಬಂದ್ಳು,” ಎಂದು ಓಡಿ ಬರುತ್ತಿದ್ದಳು. ಒಮ್ಮೆಯಾದರೂ ಅಪ್ಪಾ ಅನ್ನಬಾರದೇ ಎಂದು ಅವನ ಜೀವ ಬಾಯಿ ಬಿಡುತ್ತಿತ್ತು. ಅವಳು ನೀರು ಕೇಳುತ್ತಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಅವಳಿಗೆ ಏಳು ತುಂಬಲು ಹನ್ನೊಂದು ದಿನ ಉಳಿದಿದ್ದಾಗ ಧಾರವಾಡದ ಸ್ವಯಂಸೇವಕ ಗದಿಗೆಪ್ಪನ ಪತ್ರ ಬಂತು.

‘ಸಪ್ರೇಮ ನಮಸ್ಕಾರ. ನಿಮ್ಮ ಹೆಸರಿನ ಕೆಳಗೆ ಸಂತಾನವಿಲ್ಲ ಎಂದಿದ್ದುದು ಕಂಡು ಬೇಸರವಾಯಿತು. ಹಳೆಯ ಹಾಳೆ ಹುಡುಕಿ, ಕುಮಾರಿ ನೀಲಾಳನ್ನು ತಿರುಗಿ ನಿಮ್ಮ ಮಗಳೆಂದು ಸೇರಿಸಿದ್ದೇವೆ. ಹಾಲವ್ವನ ಮನೆಯಿಂದ ಬರುವ, ಬಿಟ್ಟುಹೋಗಿದ್ದ ಗೆರೆಯನ್ನೂ ಶಾಯಿಯಲ್ಲೇ ಎಳೆದಿದ್ದೇವೆ. ಖಾಲಿ ಬಿಡಬಾರದೆಂದು ಕಲಿಸಿದವರು ನೀವೇ ಅಲ್ಲವೆ?’

ಲಕೋಟೆಯೊಳಗಿಂದ ಕುಂಬಳದ ಬಳ್ಳಿಯ ವಾಸನೆ ಬಂತು.

ಪಕ್ಕದ ಮನೆಯವರು ಕೂಗಿದರು. ಮಲಾಡಿನಿಂದ ಫೋನು. ದಾನಪ್ಪ ಓಡಿದ. ರಿಸೀವರು ಕಿವಿಗೆ ಹಿಡಿದ. ಸರಸರ. ಸರಸರ.

“ಅಪ್ಪಾ,” ಎಂದಳು ನೀಲಾ. “ನೀರು.”