ಐದನೇ ಮಹಡಿಗೆ ಒಂದು ಗೇಣು ಕೆಳಗೆ

ಅವನ ತಾಯಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ಅವಳು ಅವನನ್ನು ಮುಖ ಎತ್ತಿ ನೋಡಿರಲಿಲ್ಲ.

‘ಎಲ್ಲಾ ಸರಿಯಿದೆ, ಓಡಿಸಿ’ ಎಂದು ಆ ಲಿಫ್ಟಿಗೆ ಒಪ್ಪಿಗೆ ಕೊಟ್ಟ ಮೆಕ್ಯಾನಿಕ್ ಅವಳೇ. ಆ ಮಾತು ನಂಬಿ ಹತ್ತಿದ ಹಿರಿಯಾಕೆ, ಐದನೇ ಮಹಡಿಗೆ ಒಂದು ಗೇಣು ಕೆಳಗೆ, ತನ್ನ ಮನೆಯ ಫೋನು ಹೊಡೆದುಕೊಳ್ಳುವುದು ಕೇಳಿಸುವಷ್ಟು ಹತ್ತಿರದಲ್ಲಿ, ಕತ್ತಲಲ್ಲಿ ಕೂತಿದ್ದರು. ಅಂದಿನಿಂದ ಮಂಡಿ ಹಿಡಿದುಕೊಂಡು ಮೆಟ್ಟಿಲನ್ನೇ ಹತ್ತುತ್ತಾರೆ.

ಇವತ್ತು ಕೊನೆಯ ಅವಕಾಶ. ಸಂಜೆಯೊಳಗೆ ದೋಷ ಸಿಗದಿದ್ದರೆ ಬೇರೆ ಕಂಪನಿಯವರನ್ನು ಕರೆಸುತ್ತೇವೆ ಎಂದಿದ್ದರು ಕಟ್ಟಡದವರು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಈ ಕಟ್ಟಡಕ್ಕೆ ಬರಲು ನೆಪ ಎಲ್ಲಿ ಸಿಗಬೇಕು?

ತಾರಸಿಯ ಮೋಟಾರ್ ಕೋಣೆಯ ಬಾಗಿಲು ಕಿರ್ ಎಂದಿತು. ಬಗ್ಗಿ ಒಳಬಂದವನು ಅವನೇ, ಐದನೇ ಮಹಡಿಯ ರೇಡಿಯೋ ರಿಪೇರಿಯವನು. ಕೈಯಲ್ಲಿ ಅದೇ ಬಿಸ್ಕತ್ ಡಬ್ಬಿ. ಯಾವ ಯಂತ್ರ ಮಾಡಿದರೂ ಬಿಸ್ಕತ್ ಡಬ್ಬಿಯೊಳಗೇ ಕಟ್ಟುವವನು, ಹಾಗಾಗಿ ಊರಿಗೆಲ್ಲ ಅವನ ಹೆಸರೂ ಡಬ್ಬಿ.

“ಮತ್ತೆ ಅದನ್ನೇ ತಂದ್ರಾ?” ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡುತ್ತಾ ಕೇಳಿದಳು. “ಆವತ್ತು ಎಲ್ಲಾ ಚೆನ್ನಾಗಿದೆ ಅಂತ ಹೇಳಿದ್ದು ಇದೇ ಅಲ್ವಾ?”

“ಅದಕ್ಕೇ ನಿದ್ದೆಗೆಟ್ಟು ರಿಪೇರಿ ಮಾಡಿದೀನಿ. ಆವತ್ತು ಇದು ಬರೀ ಲಾಜಿಕ್ ಅನಲೈಜರ್. ತಂತಿಯಲ್ಲಿ ಸಿಗ್ನಲ್ ಇದೆಯೋ ಇಲ್ವೋ, ಅಷ್ಟೇ ಗೊತ್ತಾಗ್ತಿತ್ತು. ಈಗ ಆಸಿಲೋಸ್ಕೋಪ್ ಕೂಡಾ ಸೇರಿಸಿದೀನಿ. ಎಷ್ಟಿದೆ, ಯಾವಾಗ ಏರಿತು, ಯಾವಾಗ ಕುಸೀತು, ಎಲ್ಲಾ ಅಲೆ ಅಲೆಯಾಗಿ ತೋರಿಸತ್ತೆ.”

“ಹಾಗಾದ್ರೆ ಡಬ್ಬಿ ಅದರ ಯಜಮಾನನಿಗಿಂತ ವಾಸಿ. ಒಳಗಿರೋದನ್ನ ತೋರಿಸತ್ತೆ.”

ಅವನ ಕಿವಿ ಕೆಂಪಾಯಿತು. ಅವಳು ನೋಡಲಿಲ್ಲ, ಅಂದರೆ ನೋಡಿದ್ದು ಗೊತ್ತಾಗದಂತೆ ನೋಡಿದಳು.

‘ಮಹಡಿ ಬಂತು’ ಎಂದು ಲಿಫ್ಟಿಗೆ ತಿಳಿಸುವ ಸೆನ್ಸರಿನ ತಂತಿಗೆ ಅವನು ಡಬ್ಬಿಯ ಕ್ಲಿಪ್ ಕಚ್ಚಿಸಿದ. ಅವಳು ಖಾಲಿ ಲಿಫ್ಟನ್ನು ಕೆಳಗಿನಿಂದ ಐದನೇ ಮಹಡಿಗೆ ಓಡಿಸಿದಳು. ಪುಟ್ಟ ಕೋಣೆ, ಎರಡು ತಲೆ, ಡಬ್ಬಿಗೆ ಜೋಡಿಸಿದ ಒಂದು ಲ್ಯಾಪ್‌ಟಾಪ್. ಅವನ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು. ಸರಿದು ಕೂರಲು ಜಾಗವಿರಲಿಲ್ಲ, ಮನಸ್ಸೂ ಇರಲಿಲ್ಲ.

ಮೂರನೇ ಮಹಡಿ. ಅಲೆ ನೆಟ್ಟಗೆ ಐದು ವೋಲ್ಟಿಗೆ ಏರಿ ನಿಂತಿತು. ನಾಲ್ಕನೆಯದೂ ಹಾಗೆಯೇ. ಐದು ಹತ್ತಿರವಾಯಿತು. ಬ್ರೇಕ್ ಕಟಕ್ಕೆಂದಿತು, ಕೇಬಲ್ಲು ನಡುಗಿತು, ಏರಹೊರಟ ಅಲೆ ಎರಡೂವರೆಗೇ ಕುಸಿದು ಒದ್ದಾಡಿತು. ಲಿಫ್ಟ್ ಒಂದು ಗೇಣು ಕೆಳಗೆ ನಿಂತುಬಿಟ್ಟಿತು.

ಅವನು ತಟ್ಟನೆ ಲ್ಯಾಪ್‌ಟಾಪ್ ಮುಚ್ಚಹೋದ. “ಇಲ್ಲ ಬಿಡಿ, ನನ್ನ ಡಬ್ಬೀನೇ ಕೆಟ್ಟಿದೆ. ಕೆಳಗೆ ಹೋಗಿ ಕಟ್ಟಡದವರಿಗೆ ಹಾಗೇ ಹೇಳ್ತೀನಿ.”

ಅವಳು ಅವನ ಮಣಿಕಟ್ಟು ಹಿಡಿದಳು. “ಡಬ್ಬಿ ಸುಳ್ಳು ಹೇಳ್ತಿಲ್ಲ. ನನ್ನನ್ನ ಉಳಿಸೋಕೆ ನೀವು ಹೇಳ್ತಿದೀರಿ. ಅಲುಗಿದಾಗ ಕುಸೀತಿದೆ ಅಂದ್ರೆ ಲಿಫ್ಟಿನ ತಲೆ ಮೇಲೆ ಈ ತಂತಿ ಹಿಡಿದಿರೋ ಸ್ಕ್ರೂ ಸಡಿಲ. ಅದನ್ನ ಬಿಗಿ ಮಾಡಿದವಳು ನಾನು.”

“ಸರಿ. ಆದ್ರೆ ನಂದೂ ಕೇಳಿ. ಒಂದೂವರೆ ವೋಲ್ಟ್ ದಾಟಿದ್ರೆ ‘ಇದೆ’ ಅನ್ನು ಅಂತ ಡಬ್ಬಿಗೆ ಹೇಳಿಕೊಟ್ಟಿದ್ದು ನಾನು. ನಿಮ್ಮ ಲಿಫ್ಟಿನ ಬೋರ್ಡಿಗೆ ಮೂರೂವರೆ ಬೇಕು. ಎರಡೂವರೆ ಇದ್ದಾಗ ಲಿಫ್ಟು ‘ಇಲ್ಲ’ ಅಂತಿತ್ತು, ನನ್ನ ಡಬ್ಬಿ ‘ಇದೆ’ ಅಂತಿತ್ತು. ನನ್ನ ನಂಬಿ ನೀವು ಕೆಟ್ರಿ.”

“ಅಮ್ಮನ್ನ ಕತ್ತಲಲ್ಲಿ ಕೂರಿಸಿದೋಳು ಅಂತ ನನ್ನ ಮೇಲೆ ಸಿಟ್ಟಿರತ್ತೆ ಅಂದ್ಕೊಂಡಿದ್ದೆ.”

“ನಾನೂ ನಿಮಗೆ ನನ್ನ ಮೇಲೆ ಸಿಟ್ಟು ಅಂದ್ಕೊಂಡು ಮೆಟ್ಟಿಲಲ್ಲಿ ತಪ್ಪಿಸ್ಕೊಂಡು ಓಡಾಡ್ತಿದ್ದೆ, ಮಾರಾಯ್ತಿ!”

ಹಿಡಿದ ಮಣಿಕಟ್ಟು ಇನ್ನೂ ಕೈಯಲ್ಲೇ ಇತ್ತು. ಅವಳು ಬಿಟ್ಟು, ಸ್ಪ್ಯಾನರ್ ಎತ್ತಿಕೊಂಡಳು.

ಸ್ಕ್ರೂವಿನ ಹಲ್ಲು ನಿಜಕ್ಕೂ ಸವೆದಿತ್ತು. ಹೊಸದು ಹಾಕಿ, ಲಿಫ್ಟನ್ನು ಖಾಲಿ ಓಡಿಸಿದರು, ಮರಳಿನ ಮೂಟೆ ಹೇರಿ ಓಡಿಸಿದರು. ಅಲೆ ಕುಸಿಯಲಿಲ್ಲ. ಇನ್ನು ಮನುಷ್ಯರು ಹತ್ತಬೇಕು.

“ನಾನೊಬ್ಬಳೇ ಹೋಗ್ತೀನಿ,” ಎಂದಳು. ಅವನೂ ಒಳಗೆ ಬಂದು ನಿಂತ.

ಒಂದು, ಎರಡು. ಮೂರು ದಾಟುವಾಗ ಅವನು ಗಂಟಲು ಸರಿಮಾಡಿಕೊಂಡ. “ನೋಡಿ, ಸ್ಕ್ರೂ, ಡಬ್ಬಿ ಎಲ್ಲಾ ಒಂದು ಕಡೆ ಇರಲಿ. ನಾನು ನಿಮ್ಮನ್ನ...”

“ಶ್! ಈಗ ಬೇಡ. ಐದನೇ ಮಹಡಿ ಬರಲಿ.”

ನಾಲ್ಕು. ಬ್ರೇಕಿನ ಕಟಕ್. ಲಿಫ್ಟ್ ನಿಂತಿತು. ಅರೆಕ್ಷಣ ಏನೂ ಆಗಲಿಲ್ಲ. ಆಮೇಲೆ ಬಾಗಿಲು ಸರಿಯಿತು. ಅವಳು ಬಗ್ಗಿ ಹೊಸ್ತಿಲಿನ ಮೇಲೆ ಅಂಗೈ ಎಳೆದಳು. ಲಿಫ್ಟಿನ ನೆಲ, ಮಹಡಿಯ ನೆಲ ಎರಡೂ ಸಮಸಮ, ಒಂದು ಕೂದಲೆಳೆಯಷ್ಟೂ ಏರುಪೇರಿಲ್ಲ.

“ಈಗ ಹೇಳಿ,” ಎಂದು ತಲೆ ಎತ್ತಿದರೆ ಎದುರಿಗೆ ಅವನ ತಾಯಿ, ಸೊಂಟದ ಮೇಲೆ ಕೈ.

ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ಅದೇನು ಬೇಗ ಹೇಳೋ,” ಎಂದರು ತಾಯಿ. “ಬಾಗಿಲು ಮುಚ್ಕೊಳ್ಳತ್ತೆ.”

“ನೀವಂದ್ರೆ ನಂಗೆ ಪ್ರಾಣ,” ಎಂದ, ಸಾಲ ಕೇಳುವವನ ದನಿಯಲ್ಲಿ.

“ಗೊತ್ತು. ನಂಗೂ,” ಎಂದಳು ಅವಳು, ನೆಲ ನೋಡುತ್ತಾ.

ತಾಯಿ ಒಮ್ಮೆ ಲಿಫ್ಟನ್ನು ನೋಡಿದರು, ಒಮ್ಮೆ ಅವಳನ್ನು. ಬಲಗಾಲು ಎತ್ತಿ ಹೊಸ್ತಿಲು ದಾಟಿ ಇಬ್ಬರ ನಡುವೆ ಬಂದು ನಿಂತರು.

“ಒತ್ತಮ್ಮ, ಕೆಳಗೆ ಹೋಗೋಣ. ಈ ಮಂಡಿಗೆ ಮೆಟ್ಟಿಲು ಸಾಕಾಗಿದೆ.”